ಕಪ್ಪುಕುಳಿಯ ನಾದ, ಸುತ್ತಲಿನ ಕತ್ತಲೆ

ಫರೀದಾಬಾದಿನ ಕನ್ನಡಿಗರಲ್ಲಿ ಸಿ. ವಿ. ವಿಶ್ವೇಶ್ವರ ಎಂದರೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೆಂದಷ್ಟೇ ನೆನಪು. 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರ ಹೆಚ್ಚಿನ ಸಾಧನೆ ಬೇರೆಯದು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದ ವಿಶ್ವೇಶ್ವರ, ಕಪ್ಪುಕುಳಿಯ ಮೇಲೆ ಗುರುತ್ವ ಅಲೆಯನ್ನು ಎಸೆದರೆ ಏನಾದೀತೆಂದು ಗಣಕದಲ್ಲಿ ಲೆಕ್ಕ ಹಾಕಿದರು. ಅಗಲವಾದ ಅಲೆಗಳು ವಿಶೇಷವೇನನ್ನೂ ಹೇಳಲಿಲ್ಲ. ಅಲೆಯನ್ನು ಕಿರಿದಾಗಿಸಿದಾಗ, ಬಡಿದ ಘಂಟೆಯಂತೆ ಕ್ಷೀಣಿಸುವ ಕಂಪನ ಕಾಣಿಸಿತು. 1970ರಲ್ಲಿ 'ನೇಚರ್' ಅದನ್ನು ಪ್ರಕಟಿಸಿತು. ತಿರುಗದ ಕಪ್ಪುಕುಳಿಯಾದರೆ ಆ ನಾದದ ಶ್ರುತಿಯನ್ನು ನಿರ್ಧರಿಸುವುದು ಅದರ ದ್ರವ್ಯರಾಶಿಯೊಂದೇ.

ಆದರೆ ಆ ಲೆಕ್ಕದ ಕಪ್ಪುಕುಳಿ ಶೂನ್ಯದಲ್ಲಿ ಒಂಟಿಯಾಗಿತ್ತು. ನಿಜವಾದ ಕಪ್ಪುಕುಳಿಗಳು ಗೆಲಾಕ್ಸಿಗಳ ನಡುವೆ, ಅಗೋಚರ ದ್ರವ್ಯದ ಮಧ್ಯೆ ಇರುತ್ತವೆ. 1999ರಲ್ಲಿ ಗೊಂಡೊಲೊ ಮತ್ತು ಸಿಲ್ಕ್, ನಮ್ಮ ಗೆಲಾಕ್ಸಿಯ ಕೇಂದ್ರದ ಕಪ್ಪುಕುಳಿಯ ಸುತ್ತ ಈ ದ್ರವ್ಯ ಮೊನೆಯಂತೆ ದಟ್ಟೈಸಬಹುದೆಂದು ಸೂಚಿಸಿದರು. ಸುಮಾರು ಅದೇ ಕಾಲಕ್ಕೆ ವಿಶ್ವೇಶ್ವರ, ರಾಜೇಶ್ ನಾಯಕ್ ಮತ್ತು ಮ್ಯಾಕಲಮ್ ಅವರೊಡನೆ ಗುಜರಾತಿನ ಪಿ. ಸಿ. ವೈದ್ಯರ ಹಾದಿ ಹಿಡಿದು, ದ್ರವ್ಯ ತುಂಬಿದ ಐನ್‌ಸ್ಟೈನ್ ವಿಶ್ವದೊಳಗೆ ಕಪ್ಪುಕುಳಿಯನ್ನಿರಿಸಿ ನೋಡಿದರು. ತಮ್ಮದೇ ಸರಳೀಕರಣವನ್ನು ಮೂವತ್ತು ವರ್ಷದ ಬಳಿಕ ತಾವೇ ಪ್ರಶ್ನಿಸುವ ಈ ಪ್ರಾಮಾಣಿಕತೆ ನನಗೆ ಮೊದಲ ಶೋಧಕ್ಕಿಂತ ದೊಡ್ಡದೆನಿಸುತ್ತದೆ. ಈಗಿನ ಮಾದರಿಗಳಲ್ಲಿ ಅಗೋಚರ ದ್ರವ್ಯ ಆ ಶ್ರುತಿಯನ್ನು ತುಸು ಬದಲಿಸುತ್ತದೆ. ಬಹುಪಾಲು ಲೆಕ್ಕಗಳಲ್ಲಿ ಇಂದಿನ ಉಪಕರಣಗಳಿಗೆ ಸಿಗದಷ್ಟು ಕಡಿಮೆ.

2015ರ ಸೆಪ್ಟೆಂಬರ್ 14ರಂದು ಲೈಗೊ ಎರಡು ಕಪ್ಪುಕುಳಿಗಳ ಮಿಲನವನ್ನು ಗ್ರಹಿಸಿತು. ಸುದ್ದಿ ಹೊರಬಿದ್ದದ್ದು 2016ರ ಫೆಬ್ರವರಿ 11ರಂದು. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ. ಅಷ್ಟರೊಳಗೆ ಆ ಸುದ್ದಿ ಅವರಿಗೆ ತಲುಪಿತ್ತು.