ಹರಿವಿಗೊಂದು ಬಾಗಿಲು: ಅಲ್ ಬರ್ಷಾದ ಸಾಲಿಕ್ ಕಥೆ

ನಮ್ಮ ಅಲ್ ಬರ್ಷಾದ ಇತಿಹಾಸದಲ್ಲಿ 2007ರ ಜುಲೈ 1 ಮರೆಯಲಾಗದ ದಿನ. ಅಂದು ಶೇಖ್ ಜಾಯೆದ್ ರಸ್ತೆಯಲ್ಲಿ, ಮಾಲ್ ಆಫ್ ದಿ ಎಮಿರೇಟ್ಸ್ ಸಮೀಪ, ಸಾಲಿಕ್ ಸುಂಕದ್ವಾರವು ಕಾರ್ಯಾರಂಭ ಮಾಡಿತು. ಅದೇ ದಿನ ಅಲ್ ಗರ್ಹೂದ್ ಸೇತುವೆಯ ಬಳಿ ಇನ್ನೊಂದು ದ್ವಾರ ತೆರೆಯಿತು. ಅರಬ್ಬಿಯಲ್ಲಿ ‘ಸಾಲಿಕ್’ ಎಂದರೆ ಅಡೆತಡೆಯಿಲ್ಲದ್ದು ಎಂದರ್ಥ. ವಾಹನವನ್ನು ನಿಲ್ಲಿಸಬೇಕಾಗಿಲ್ಲ, ಗಾಜಿಗಂಟಿಸಿದ ಟ್ಯಾಗನ್ನು ಯಂತ್ರವೇ ಓದಿ ಖಾತೆಯಿಂದ 4 ದಿರ್ಹಮ್ ಕಳೆಯುತ್ತಿತ್ತು.

ದಟ್ಟಣೆಯ ಒಂದು ಪಾಲನ್ನು ಬೇರೆ ದಾರಿಗಳಿಗೆ ತಿರುಗಿಸುವುದು ಈ ಸುಂಕದ ಉದ್ದೇಶವಾಗಿತ್ತು. ಪ್ರತಿಯೊಬ್ಬನೂ ತನಗೆ ಹತ್ತಿರವಾದ ದಾರಿಯನ್ನೇ ಹಿಡಿದರೆ ಎಲ್ಲರಿಗೂ ಒಳಿತಾಗುವುದೆಂಬ ನಂಬಿಕೆ ಸರಿಯಲ್ಲ. 1952ರಲ್ಲಿ ಇಂಗ್ಲೆಂಡಿನ ವಾರ್ಡ್‌ರಾಪ್ ಈ ಎರಡರ ಅಂತರವನ್ನು ನಿರೂಪಿಸಿದರು; 1968ರಲ್ಲಿ ಜರ್ಮನಿಯ ಬ್ರೇಸ್, ಹೊಸ ರಸ್ತೆಯೊಂದನ್ನು ಸೇರಿಸಿದರೆ ಎಲ್ಲರ ಪ್ರಯಾಣವೂ ನಿಧಾನವಾಗಬಹುದೆಂದು ಗಣಿತದಿಂದ ತೋರಿಸಿದರು.

ಆದರೆ ಒಂದೆಡೆ ತಡೆದ ಹರಿವು ಇನ್ನೊಂದೆಡೆ ಉಕ್ಕುತ್ತದೆ. 2008ರಲ್ಲಿ ಅಲ್ ಸಫಾ ಮತ್ತು ಅಲ್ ಮಕ್ತೂಮ್ ಸೇತುವೆಯಲ್ಲಿ ದ್ವಾರಗಳು ಬಂದವು. ರಾತ್ರಿಯ ವೇಳೆ ತೇಲುಸೇತುವೆ ಮುಚ್ಚುತ್ತಿದ್ದುದರಿಂದ ಆಗ ಮಕ್ತೂಮ್ ಸೇತುವೆಗೆ ಸುಂಕದ ವಿನಾಯಿತಿ ದೊರೆಯಿತು. 2009ರ ಸೆಪ್ಟೆಂಬರ್ 9ರಂದು ಮೆಟ್ರೊ ಬಂದು, ರಸ್ತೆಯ ಹೊರಗೂ ಒಂದು ದಾರಿಯಾಯಿತು. 2024ರ ನವೆಂಬರ್ ವೇಳೆಗೆ ದ್ವಾರಗಳ ಸಂಖ್ಯೆ ಹತ್ತಕ್ಕೇರಿತು. 2025ರ ಜನವರಿ 31ರಿಂದ ದರವೂ ಗಡಿಯಾರವನ್ನು ಅನುಸರಿಸಿತು: ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10 ಮತ್ತು ಸಂಜೆ 4ರಿಂದ 8ರವರೆಗೆ 6 ದಿರ್ಹಮ್, ಉಳಿದ ಹೊತ್ತು 4, ನಡುರಾತ್ರಿ 1ರಿಂದ 6ರವರೆಗೆ ಉಚಿತ.

ಹರಿವನ್ನು ನೋಡಿ ತಾನೇ ಬದಲಾಗುವ ಬಾಗಿಲು ಕನ್ನಡಿಗರಾದ ನಮಗೆ ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಇಪ್ಪತ್ತನೆಯ ಶತಮಾನದ ಆರಂಭದವು. ನೀರು ಮಿತಿ ಮೀರಿದಾಗ ಅವು ತಾವೇ ತೆರೆದು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು.

ಸಾಮಾನ್ಯ ದಿನಕ್ಕೆ ಹೊಂದುವ ವ್ಯವಸ್ಥೆಯು ಅಸಾಮಾನ್ಯ ದಿನವನ್ನೂ ತಾಳಬೇಕು. 2024ರ ಏಪ್ರಿಲ್ 16ರ ಮಳೆ ಅದನ್ನು ಇಲ್ಲಿ ಪರೀಕ್ಷಿಸಿತು. 1949ರಿಂದ ಇರುವ ದಾಖಲೆಗಳಲ್ಲೇ ಅದು ಅತಿ ಹೆಚ್ಚಿನದು. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 254 ಮಿಲಿಮೀಟರ್ ಸುರಿಯಿತು. ನೀರು ನಿಂತ ಹೆದ್ದಾರಿಯಲ್ಲಿ ಯಾವ ಸುಂಕದ ಲೆಕ್ಕಾಚಾರವೂ ನೆರವಾಗಲಿಲ್ಲ. ಅದೇ ಜೂನ್‌ನಲ್ಲಿ ದುಬೈ 30 ಶತಕೋಟಿ ದಿರ್ಹಮ್‌ಗಳ ‘ತಸ್ರೀಫ್’ ಮಳೆನೀರಿನ ಯೋಜನೆಯನ್ನು ಘೋಷಿಸಿತು. ಅದೇ ಆಗಸ್ಟ್ 10ರಂದು ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನು ತೆರೆಯಬೇಕಾಯಿತು. ಬಳಿಕ ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಒಂದು ಕೊಂಡಿ ಕಳಚಿದರೂ ಉಳಿದವು ಭಾರ ಹೊರಬೇಕೆಂಬುದು ಎರಡೂ ಊರುಗಳ ಪಾಠ.

ಮನುಷ್ಯ ನೀರಲ್ಲ ಎಂಬುದನ್ನೂ ನಾವು ಮರೆಯಬಾರದು. ಕೆಲಸದ ಹೊತ್ತನ್ನು ತಾನೇ ನಿಶ್ಚಯಿಸಬಲ್ಲವನು ಹತ್ತು ಗಂಟೆಯ ಅನಂತರ ಹೊರಡುತ್ತಾನೆ. ಶಾಲೆಯ ಗಂಟೆಗೂ ಪಾಳಿಯ ಹಾಜರಿಗೂ ಕಟ್ಟುಬಿದ್ದವನು ಹೋಗಿಬರುವ ಪ್ರತಿ ದ್ವಾರದಲ್ಲೂ ಆರು ದಿರ್ಹಮ್ ತೆರುತ್ತಾನೆ. ನಮ್ಮಲ್ಲಿ ಇಬ್ಬಗೆಯ ಕುಟುಂಬಗಳೂ ಇವೆ. ನಮ್ಮ ಸಭೆಗಳ ವೇಳೆಯನ್ನು ಗೊತ್ತುಪಡಿಸುವಾಗ, ಒಂದೇ ಕಾರಿನಲ್ಲಿ ಕೂಡಿ ಬರುವ ಏರ್ಪಾಡು ಮಾಡುವಾಗ, ಎರಡನೆಯವರನ್ನು ಮೊದಲು ನೆನೆಯೋಣ.