ಮೊಮ್ಮಗನ ಪತ್ರಗಳು, ಅಜ್ಜಿಯ ಪುಸ್ತಕ

1928ರಲ್ಲಿ ಬಂಗಾಳಿ ಭಾಷೆಯಲ್ಲಿ ‘ಕಲ್ಯಾಣ ಪ್ರದೀಪ’ ಎಂಬ ದಪ್ಪನೆಯ ಪುಸ್ತಕವೊಂದು ಅಚ್ಚಾಯಿತು. ಬರೆದಾಕೆ ಮೋಕ್ಷದಾ ದೇವಿ, ವಯಸ್ಸು ಎಂಬತ್ತರ ಆಸುಪಾಸು. ಹನ್ನೊಂದು ವರ್ಷಗಳ ಹಿಂದೆ ಪರದೇಶದ ಸೆರೆಯಲ್ಲಿ ಪ್ರಾಣಬಿಟ್ಟ ಮೊಮ್ಮಗ, ಸೈನ್ಯದ ವೈದ್ಯ ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿಯ ಕಥೆ ಅದು.

ಮೋಕ್ಷದಾ ದೇವಿ ಬರವಣಿಗೆಗೆ ಹೊಸಬರಲ್ಲ. 1870ರಷ್ಟು ಹಿಂದೆಯೇ ‘ಬಂಗ ಮಹಿಳಾ’ ಎಂಬ ಪತ್ರಿಕೆ ನಡೆಸಿದವರು. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿ ಅವರ ಸೋದರಿ. ಹೀಗೆ ವಿದ್ಯೆ, ರಾಜಕೀಯ ಎರಡನ್ನೂ ಕಂಡ ಮನೆತನಕ್ಕೆ ಹುಡುಗನೊಬ್ಬ ಮಿಲಿಟರಿ ವೈದ್ಯನಾದದ್ದು ಅಷ್ಟೊಂದು ಹೆಮ್ಮೆಯ ಸಂಗತಿ ಯಾಕಾಯಿತು?

ಉತ್ತರ ಅಂದಿನ ಸೈನ್ಯದ ಕಟ್ಟಳೆಯಲ್ಲಿದೆ. ಭಾರತೀಯ ಸಿಪಾಯಿ ಎಷ್ಟೇ ವರ್ಷ ದುಡಿದರೂ ಸುಬೇದಾರಿಕೆಗಿಂತ ಹೆಚ್ಚು ಮೇಲೇರುವಂತಿರಲಿಲ್ಲ. ಬ್ರಿಟಿಷ್ ಅಧಿಕಾರಿಗೆ ಸಮನಾದ, ರಾಜನ ಹೆಸರಿನ ಅಧಿಕಾರಪತ್ರ 1917ರವರೆಗೆ ಭಾರತೀಯರಿಗೆ ಬಹುಮಟ್ಟಿಗೆ ನಿಲುಕದ ವಸ್ತು. ಅದರಲ್ಲೂ ಬಂಗಾಳಿಗಳನ್ನು ಸರ್ಕಾರ ಯುದ್ಧಕ್ಕೆ ಬಾರದ ಜನವೆಂದೇ ಬದಿಗಿಟ್ಟಿತ್ತು. ತೆರೆದಿದ್ದ ಬಾಗಿಲು ಒಂದೇ: ಇಂಡಿಯನ್ ಮೆಡಿಕಲ್ ಸರ್ವಿಸ್. 1855ರಿಂದ ಅದಕ್ಕೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ. ಮೊದಲ ವರ್ಷವೇ ಸೂರ್ಯಕುಮಾರ ಚಕ್ರವರ್ತಿ ಎಂಬ ಬಂಗಾಳಿ ತೇರ್ಗಡೆಯಾಗಿದ್ದರು. ಕಡಲು ದಾಟಬೇಕು, ಇಂಗ್ಲೆಂಡಿನಲ್ಲಿ ಓದಬೇಕು, ಮನೆಯವರು ಆ ಖರ್ಚು ಹೊರಬೇಕು. ಆಮೇಲೆ ಹೆಗಲ ಮೇಲೆ ಬರುವ ನಕ್ಷತ್ರಗಳು ಒಬ್ಬನವಲ್ಲ, ಇಡೀ ಮನೆಯವು.

1915ರಲ್ಲಿ ಕಲ್ಯಾಣ್ ಅವರನ್ನು ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಕಳಿಸಲಾಯಿತು. ತುರ್ಕರ ವಿರುದ್ಧ ಟೈಗ್ರಿಸ್ ನದಿಗುಂಟ ಬಾಗ್ದಾದಿನತ್ತ ಸಾಗುತ್ತಿದ್ದದ್ದು ಆರನೆಯ ಪುಣೆ ಡಿವಿಜನ್. ಇಂದು ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿದಳದ ಪೂರ್ವಿಕ ಪಲ್ಟನ್ನುಗಳೂ ಅದರಲ್ಲಿದ್ದವು. ಸೈನ್ಯ ಮುಂದೆ ಮುಂದೆ ಹೋಯಿತು. ಔಷಧಿ, ಡೋಲಿ, ಆಸ್ಪತ್ರೆ ದೋಣಿಗಳು ಹಿಂದೆಯೇ ಉಳಿದವು. ನವೆಂಬರಿನಲ್ಲಿ ಟೆಸಿಫಾನ್ ಕದನದಲ್ಲಿ ಸತ್ತವರು, ಗಾಯಗೊಂಡವರು ನಾಲ್ಕು ಸಾವಿರಕ್ಕೂ ಹೆಚ್ಚು. ಗಾಯಾಳುಗಳನ್ನು ತುಂಬಿಕೊಂಡ ಹಡಗೊಂದು ಬಸ್ರಾ ಮುಟ್ಟಲು ಸುಮಾರು ಎರಡು ವಾರ ಹಿಡಿಯಿತು. ಆ ದೃಶ್ಯ ಕಂಡು ದೂರಿದ ಮೇಜರ್ ಕಾರ್ಟರ್ ಎಂಬ ವೈದ್ಯಾಧಿಕಾರಿಗೆ ಮೇಲಿನವರಿಂದ ಸಿಕ್ಕಿದ್ದು ಬಂಧಿಸುವ ಬೆದರಿಕೆ! 1917ರಲ್ಲಿ ವಿಚಾರಣಾ ಆಯೋಗ ಈ ಅವ್ಯವಸ್ಥೆಯನ್ನೆಲ್ಲ ಬಯಲಿಗೆಳೆಯಿತು.

ಇದರ ನಡುವೆ ಕುಳಿತು ಕಲ್ಯಾಣ್ ತಾಯಿಗೆ ಕಾಗದ ಬರೆಯುತ್ತಿದ್ದರು. ಎಷ್ಟು ಗಾಯಾಳುಗಳು ಬಂದರು, ಹೇಗೆ ನರಳಿದರು ಎಂಬುದೆಲ್ಲ ಅವುಗಳಲ್ಲಿತ್ತು. 1915ರ ಒಂದು ಪತ್ರವಂತೂ ಇನ್ನೂ ಮುಂದೆ ಹೋಯಿತು. ಈ ರಕ್ತಪಾತಕ್ಕೆಲ್ಲ ದೇಶಾಭಿಮಾನವೇ ಕಾರಣ, ಇನ್ನೊಬ್ಬರ ನಾಡನ್ನು ಕಿತ್ತುಕೊಳ್ಳುವುದೇ ಅದರ ಅರ್ಥವಾಗಿದೆ, ಇದನ್ನು ನಮಗೆ ಕಲಿಸಿದವರು ಇಂಗ್ಲಿಷರು ಎಂಬುದು ಅದರ ಧಾಟಿ. ಬಾಂಬು ಹಿಡಿದ ನಮ್ಮ ಯುವಕರೂ ಅದೇ ಪಾಠವನ್ನು ಒಪ್ಪಿಸುತ್ತಿದ್ದಾರೆಂದೂ ಅವರು ಬರೆದಿದ್ದರು. ರಾಜನ ಸಮವಸ್ತ್ರ ತೊಟ್ಟವರು ಬರೆದ ಈ ಮಾತು ಸೆನ್ಸಾರಿನ ಕಣ್ಣು ತಪ್ಪಿಸಿ ಮನೆ ಸೇರಿತಲ್ಲ, ಅದೇ ಸೋಜಿಗ.

ಆ ಡಿಸೆಂಬರಿನಲ್ಲಿ ತುರ್ಕರು ಕೂಟ್ ಪಟ್ಟಣವನ್ನು ಮುತ್ತಿದರು. 147 ದಿನಗಳ ಮುತ್ತಿಗೆ. ಅನ್ನ ಮುಗಿದು ಕುದುರೆ ಮಾಂಸಕ್ಕೆ ಬಂತು. ಭಾರತೀಯ ಸಿಪಾಯಿಗಳಲ್ಲಿ ಅನೇಕರು ಅದನ್ನು ಬಹಳ ದಿನ ಮುಟ್ಟಲಿಲ್ಲ. ತರಕಾರಿಯಿಲ್ಲದೆ ಅವರಲ್ಲಿ ಸ್ಕರ್ವಿ ಹಬ್ಬಿತು. 1916ರ ಏಪ್ರಿಲ್ 29ರಂದು ಶರಣಾಗತಿ. ಸುಮಾರು 13,000 ಮಂದಿ ಸೆರೆಯಾದರು, ಅವರಲ್ಲಿ ಕಲ್ಯಾಣ್ ಒಬ್ಬರು. ಇಂದಿನ ಸಿರಿಯಾದಲ್ಲಿರುವ ರಾಸ್ ಅಲ್-ಐನ್‌ನಲ್ಲಿ, ಬಾಗ್ದಾದ್ ರೈಲು ಹಾದಿಗೆ ಸೆರೆಯಾಳುಗಳನ್ನು ದುಡಿಸುತ್ತಿದ್ದ ಊರಿನಲ್ಲಿ, 1917ರ ಮಾರ್ಚಿನಲ್ಲಿ ಜ್ವರ ಅವರನ್ನು ಕೊಂದಿತು. ಅದೇ ತಿಂಗಳು ಬಾಗ್ದಾದ್ ಬ್ರಿಟಿಷರ ಕೈಸೇರಿತು.

ಅಜ್ಜಿ ಸುಮ್ಮನೆ ಕಣ್ಣೀರು ಹಾಕಿ ಕೂರಲಿಲ್ಲ. ಮೊಮ್ಮಗ ಸತ್ತ ಯುದ್ಧ ಎಂಥದ್ದೆಂದು ತಿಳಿಯಲು ಹೊರಟರು. ಮೆಸಪೊಟೇಮಿಯಾದ ದಂಡಯಾತ್ರೆಯ ವಿವರಗಳನ್ನೂ ಪುಸ್ತಕದಲ್ಲಿ ಹೆಣೆದರು. ಪುಟಪುಟದಲ್ಲೂ ಮೊಮ್ಮಗನ ಮೇಲಿನ ಅಭಿಮಾನ ಕಾಣುತ್ತದೆ. ಆ ಅಭಿಮಾನಕ್ಕೆ ತೊಡಕಾಗಬಹುದಾಗಿದ್ದ ದೇಶಾಭಿಮಾನದ ಪತ್ರವನ್ನು ಬಿಟ್ಟುಬಿಡಬಹುದಿತ್ತು. ದೊರೆಗಳೂ ಮುನಿಯುವಂಥ, ಅಂದಿನ ದೇಶಭಕ್ತರೂ ಮೆಚ್ಚದಂಥ ಮಾತು ಅದು. ಪ್ರಕಟಿಸಿದ್ದು ಬ್ರಿಟಿಷ್ ಆಳ್ವಿಕೆಯಲ್ಲೇ, ಅದೂ ಕಾಂಗ್ರೆಸ್ ಅಧ್ಯಕ್ಷರ ಸೋದರಿ. ಆದರೂ ಪತ್ರವನ್ನು ಅವರು ಪುಸ್ತಕದಿಂದ ಕೈಬಿಡಲಿಲ್ಲ.

ಈಚಿನ ವರ್ಷಗಳಲ್ಲಿ ಕಾದಂಬರಿಕಾರ ಅಮಿತಾವ್ ಘೋಷ್ ಈ ಪುಸ್ತಕದ ಬಗ್ಗೆ ಬರೆದ ಮೇಲೆ ಆ ಪತ್ರವನ್ನು ಬಂಗಾಳಿ ಬಾರದವರೂ ಓದುವಂತಾಯಿತು.