ರಸೆಲ್ ಕ್ವಾಂಟ್ ಪತ್ತೇದಾರಿ ಮಾಲಿಕೆಯಲ್ಲಿ ಉಕ್ರೇನಿಯನ್ ಮೂಲ: ಒಂದು ಟಿಪ್ಪಣಿ

1. ವ್ಯಾಪ್ತಿ
ಆಂಥೊನಿ ಬಿಡುಲ್ಕಾ ಅವರ ರಸೆಲ್ ಕ್ವಾಂಟ್ ಮಾಲಿಕೆಗೆ ಈ ಟಿಪ್ಪಣಿ ಸೀಮಿತ. ಕ್ವಾಂಟ್ ಕೆನಡಾದ ಸಸ್ಕಾಚೆವನ್ ಪ್ರಾಂತದ ಸಸ್ಕಾಟೂನ್ ನಗರದ ಖಾಸಗಿ ಪತ್ತೇದಾರ. ಹೊಲಮನೆಯಲ್ಲಿ ಬೆಳೆದ ಮಾಜಿ ಪೊಲೀಸ್, ಸಲಿಂಗಕಾಮಿ. ಅವನನ್ನು 'ಉಕ್ರೇನಿಯನ್-ಕೆನಡಿಯನ್ ಪತ್ತೇದಾರ' ಎಂದು ವರ್ಗೀಕರಿಸುವುದು ತಪ್ಪಲ್ಲ, ಆದರೆ ಅಪೂರ್ಣ. ಪಾತ್ರದ ಇನ್ನರ್ಧ ಮೂಲ ಐರಿಷ್.

2. ಕಾಲಾನುಕ್ರಮ
ಮಾಲಿಕೆಯಲ್ಲಿ ಎಂಟು ಕಾದಂಬರಿಗಳಿವೆ. 'ಅಮ್ಯೂಸ್ ಬೂಶ್' (2003) ಮೊದಲನೆಯದು, 'ಡೋಸ್ ಎಕಿಸ್' (2012) ಎಂಟನೆಯದು. 2007ರವರೆಗೆ ವರ್ಷಕ್ಕೊಂದರಂತೆ ಐದು ಬಂದವು. ಉಳಿದವು 2009, 2010 ಮತ್ತು 2012ರಲ್ಲಿ. ಎರಡನೆಯದಾದ 'ಫ್ಲೈಟ್ ಆಫ್ ಆಕ್ವಾವಿಟ್' ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ಪಡೆಯಿತು. ಇಲ್ಲಿ ಇಸವಿಯ ಗೊಂದಲಕ್ಕೆ ಎಡೆಯಿದೆ: ಕೃತಿ 2004ರದು, ಪ್ರಶಸ್ತಿ ಪ್ರದಾನವಾದದ್ದು 2005ರಲ್ಲಿ. ಉಲ್ಲೇಖಿಸುವವರು ಯಾವುದರ ಇಸವಿ ಎಂಬುದನ್ನು ನಮೂದಿಸುವುದು ಅಗತ್ಯ.

3. ಹೆಸರಿನ ಸಾಕ್ಷ್ಯ
ಕೆನಡಾಕ್ಕೆ ಉಕ್ರೇನಿಯನ್ನರ ವಲಸೆಯ ಆರಂಭವನ್ನು ಸಾಮಾನ್ಯವಾಗಿ 1891ಕ್ಕೆ, ಗಲೀಷಿಯಾದ ನೆಬಿಲಿವ್ ಗ್ರಾಮದ ಇಬ್ಬರ ಆಗಮನಕ್ಕೆ, ಗುರುತಿಸಲಾಗುತ್ತದೆ. 1914ರ ವೇಳೆಗೆ ಬಂದವರು ಸುಮಾರು 1,70,000. ಬಹುಪಾಲು ಪ್ರೇರಿ ಪ್ರಾಂತಗಳಲ್ಲಿ ನೆಲೆಸಿದ ಬೇಸಾಯಗಾರರು. ಆಗಿನ ದಾಖಲೆಗಳಲ್ಲಿ ಇವರೇ ಗಲೀಷಿಯನ್, ಬುಕೊವಿನಿಯನ್, ರುಥೇನಿಯನ್, ಆಸ್ಟ್ರಿಯನ್ ಎಂದೆಲ್ಲ ನಮೂದಾಗಿದ್ದಾರೆ. ಈ ಕಾರಣಕ್ಕೆ ಮೂಲವನ್ನು ಗುರುತಿಸಲು ಸಂಶೋಧಕರು ಕುಲನಾಮವನ್ನೂ ಆಶ್ರಯಿಸುವುದುಂಟು.

ಕಾದಂಬರಿಗಳ ವರ್ಗೀಕರಣದಲ್ಲಿ ಈ ವಿಧಾನದ ಮಿತಿ ಬೇಗ ಗೋಚರಿಸುತ್ತದೆ. ಗೇಲ್ ಬೋವೆನ್ ಅವರ 'ಡೆಡ್ಲಿ ಅಪಿಯರೆನ್ಸಸ್' (1990) ಕೂಡ ಸಸ್ಕಾಚೆವನ್‌ನ ಪತ್ತೇದಾರಿ ಕಾದಂಬರಿಯೇ. ಅದರಲ್ಲಿ ಕೊಲೆಯಾಗುವ ರಾಜಕಾರಣಿ ಆಂಡಿ ಬೊಯ್‌ಚುಕ್. ಕುಲನಾಮವೇ ಮೂಲವನ್ನು ಸೂಚಿಸುತ್ತದೆ. 'ಕ್ವಾಂಟ್' ಎಂಬುದರಲ್ಲಿ ಅಂಥ ಸುಳಿವಿಲ್ಲ. ಉಕ್ರೇನಿಯನ್ ಮೂಲ ಬಂದಿರುವುದು ತಾಯಿ ಕೇ ಅವರ ಕಡೆಯಿಂದ. ಆದ್ದರಿಂದ ಕುಲನಾಮವನ್ನಷ್ಟೇ ನೆಚ್ಚಿದ ಗ್ರಂಥಸೂಚಿಯಲ್ಲಿ ಬೊಯ್‌ಚುಕ್ ಸೇರಿ, ಕ್ವಾಂಟ್ ಬಿಟ್ಟುಹೋಗುವ ಸಂಭವ ಹೆಚ್ಚು. ಬಲಿಯಾದ ಪಾತ್ರ ಸಿಕ್ಕಿ, ತನಿಖೆ ನಡೆಸುವ ಪಾತ್ರವೇ ತಪ್ಪಿಹೋಗುವುದು ಸಣ್ಣ ಲೋಪವಲ್ಲ.

'ಡೆಡ್ಲಿ ಅಪಿಯರೆನ್ಸಸ್' ಮತ್ತು 'ಅಮ್ಯೂಸ್ ಬೂಶ್' ನಡುವೆ 13 ವರ್ಷಗಳ ಅಂತರವಿದೆ. ಉಕ್ರೇನಿಯನ್ ಮೂಲದ ಪಾತ್ರ ಬಲಿಯ ಸ್ಥಾನದಿಂದ ಪತ್ತೇದಾರನ ಸ್ಥಾನಕ್ಕೆ ಬಂದಿತೆಂದು ಇದನ್ನು ಓದಬಹುದೇನೋ. ಆದರೆ ಎರಡೇ ನಿದರ್ಶನಗಳಿಂದ ಪರಂಪರೆಯೊಂದನ್ನು ಊಹಿಸುವುದು ಸಮರ್ಥನೀಯವಲ್ಲ.

4. ಕಥಾವಸ್ತುವಿನಲ್ಲಿ ಮೂಲದ ಪಾತ್ರ
'ಅಮ್ಯೂಸ್ ಬೂಶ್'ನ ತನಿಖೆ ಕಾಣೆಯಾದ ಮದುಮಗನನ್ನು ಹುಡುಕಿ ಫ್ರಾನ್ಸಿಗೆ ಸಾಗುತ್ತದೆ. 'ಫ್ಲೈಟ್ ಆಫ್ ಆಕ್ವಾವಿಟ್'ನಲ್ಲಿ ತನ್ನ ಸಲಿಂಗಕಾಮವನ್ನು ಮುಚ್ಚಿಟ್ಟ ಲೆಕ್ಕಿಗನೊಬ್ಬನಿಗೆ ಬ್ಲ್ಯಾಕ್‌ಮೇಲ್. ಎರಡರಲ್ಲೂ ಅಪರಾಧದ ಪ್ರೇರಣೆ ಪತ್ತೇದಾರನ ಜನಾಂಗೀಯ ಮೂಲಕ್ಕೆ ಸಂಬಂಧಿಸಿದ್ದಲ್ಲ. ಆ ಮೂಲ ಕಾಣಿಸುವುದು ತಾಯಿಯ ಅಡುಗೆಯಲ್ಲಿ, ಹೊಲಮನೆಯ ನೆನಪಿನಲ್ಲಿ, ಮನೆಯ ನಡವಳಿಕೆಯಲ್ಲಿ. ಈ ಮಟ್ಟಿಗೆ, ಮಾಲಿಕೆಯನ್ನು ಉಕ್ರೇನಿಯನ್ ಸಮುದಾಯದ ಕಥನ ಎನ್ನುವುದಕ್ಕಿಂತ, ಉಕ್ರೇನಿಯನ್ ತಾಯಿಯ ಮಗನೊಬ್ಬನ ಪತ್ತೇದಾರಿ ಕಥನ ಎಂದು ವಿವರಿಸುವುದು ಹೆಚ್ಚು ನಿಖರ.